ಹತ್ತರೊಳಗೆ ಮನೆ ಸೇರಿ: ಬಾಗೂರಿನ ಸುತ್ತ ಬೇಸಿಗೆಯ ಸಣ್ಣ ಸುತ್ತಾಟಗಳು

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಮೊದಲ ನಾಲ್ಕು ದಿನ ಮನೆ ತುಂಬ ಗದ್ದಲ, ಆಮೇಲೆ ಮೊಬೈಲು. ಬೆಂಗಳೂರಿನಿಂದ ಬಂದ ಅಕ್ಕನ ಮಕ್ಕಳು “ಇಲ್ಲಿ ನೋಡೋಕೆ ಏನಿದೆ?” ಎಂದು ಕೇಳುತ್ತಾರೆ. ದೊಡ್ಡವರು ಜೋಗಕ್ಕೋ ಮುರುಡೇಶ್ವರಕ್ಕೋ ಟೆಂಪೋ ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸುತ್ತಾರೆ. ಬಾಡಿಗೆ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಾಗೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಬಹುಪಾಲು ಮನೆಗಳಲ್ಲಿ ಬೇಸಿಗೆ ರಜೆ ಕಳೆಯುವುದೇ ಹೀಗೆ.

ನೋಡಲು ಇಲ್ಲಿ ಬೇಕಾದಷ್ಟಿದೆ. ಆದರೆ ನಮ್ಮ ಸೀಮೆಯ ಜಾಗಗಳು ಜಲಪಾತದ ಹಾಗೆ ತಾವಾಗಿಯೇ ಕಣ್ಣಿಗೆ ಬೀಳುವುದಿಲ್ಲ. ಕೆರೆ ಏರಿ, ಊರಬಾಗಿಲ ಬಳಿಯ ಕಲ್ಲು, ಬತ್ತಿದ ಹೊಳೆ, ಮನೆಯಂಗಳದ ನೆರಳು ಇವೆಲ್ಲ ಒಂದು ಪ್ರಶ್ನೆ ಇಟ್ಟುಕೊಂಡು ಹೋದವರಿಗಷ್ಟೇ ತೆರೆದುಕೊಳ್ಳುತ್ತವೆ. ಹಾಗಾಗಿ ಈ ಲೇಖನದ ಸೂತ್ರ ಒಂದೇ: ಒಂದು ಬೆಳಗ್ಗೆ, ಒಂದು ಜಾಗ, ಒಂದು ಪ್ರಶ್ನೆ. ಹತ್ತು ಗಂಟೆಯೊಳಗೆ ಮನೆ.

ಬೆಳಗಿನ ಹೊತ್ತೇ ಏಕೆ?

ಬಿಸಿಲಿನ ಕಾರಣ ಎಲ್ಲರಿಗೂ ಗೊತ್ತು. ಆದರೆ ನಮ್ಮದು ಒಣ ಹವೆಯ ಸೀಮೆ ಎಂಬುದನ್ನು ಮರೆಯುತ್ತೇವೆ. ಕರಾವಳಿಯಲ್ಲಿ ಬೆವರು ಮೈಯಿಂದ ಇಳಿಯುತ್ತದೆ, ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ತಾನಾಗಿ ನೆನಪಾಗುತ್ತದೆ. ಇಲ್ಲಿ ಗಾಳಿ ಬೆವರನ್ನು ಬಂದ ಕೂಡಲೇ ಒಣಗಿಸಿಬಿಡುತ್ತದೆ. ಮಗು ಬೆವರುತ್ತಲೇ ಇಲ್ಲ ಎಂದುಕೊಳ್ಳುತ್ತೇವೆ, ಒಳಗೆ ನೀರು ಖಾಲಿಯಾಗುತ್ತಿರುತ್ತದೆ. ತಲೆನೋವು, ಸಿಡಿಮಿಡಿ ಶುರುವಾದಾಗಲೇ ಗೊತ್ತಾಗುವುದು.

ಇನ್ನೊಂದು ಕಾರಣ ಬೆಳಕು. ಬಿಸಿಲು ಓರೆಯಾಗಿ ಬೀಳುವಾಗ ಸಣ್ಣ ಉಬ್ಬುತಗ್ಗಿಗೂ ನೆರಳಿರುತ್ತದೆ. ಸವೆದ ಶಾಸನದ ಅಕ್ಷರ, ಕೆರೆ ಅಂಗಳದಲ್ಲಿ ಹಕ್ಕಿಯ ಹೆಜ್ಜೆ, ಬಂಡೆಯ ಮೇಲೆ ಉಳಿ ತಾಗಿದ ಗುರುತು ಬೆಳಗ್ಗೆ ಏಳಕ್ಕೆ ಚೆನ್ನಾಗಿ ಕಾಣುತ್ತವೆ. ನೆತ್ತಿಯ ಬಿಸಿಲಿನಲ್ಲಿ ಅದೇ ಕಲ್ಲು ಬರೀ ಬೂದುಬಣ್ಣದ ಚಪ್ಪಡಿ. ಹಕ್ಕಿಗಳು ಓಡಾಡುವುದೂ ಈ ಹೊತ್ತಿನಲ್ಲೇ.

ಪ್ರಶ್ನೆ ಒಂದೇ ಇರಬೇಕು ಎನ್ನುವುದಕ್ಕೂ ಕಾರಣವಿದೆ. “ನೋಡಿ ಬನ್ನಿ” ಎಂದರೆ ಮಕ್ಕಳು ಐದು ನಿಮಿಷ ನೋಡಿ ಬರುತ್ತಾರೆ. “ಕೆರೆಯೊಳಗೆ ಆ ಎರಡು ಕಲ್ಲುಕಂಬ ಯಾಕೆ ನಿಂತಿವೆ, ಕಂಡುಹಿಡಿದು ಹೇಳು” ಎಂದರೆ ಒಂದು ಗಂಟೆ ಅಲ್ಲೇ ಇರುತ್ತಾರೆ.

ಹೊರಡುವ ಮುನ್ನ

1. ಹಿಂದಿನ ರಾತ್ರಿಯೇ ಜಾಗ ಮತ್ತು ಪ್ರಶ್ನೆ ಗೊತ್ತುಮಾಡಿ. ಬೆಳಗ್ಗೆ ಎದ್ದು ಚರ್ಚೆಗೆ ಕೂತರೆ ಎಂಟಾಗುತ್ತದೆ.

2. ಊರಿನ ಹಿರಿಯರೊಬ್ಬರನ್ನು, ಆಗದಿದ್ದರೆ ಕುರಿ ಕಾಯುವವರೊಬ್ಬರನ್ನು ಮೊದಲೇ ಮಾತಾಡಿಸಿ. ಗೊಲ್ಲರಹಟ್ಟಿಯ ಹಿರಿಯರಿಗೆ ಯಾವ ದಿಬ್ಬದಲ್ಲಿ ಎಂಥ ಕಲ್ಲಿದೆ, ಯಾವ ಹಳ್ಳದಲ್ಲಿ ನೀರಿದೆ, ಯಾವ ಬಂಡೆಗೆ ಹೆಜ್ಜೇನು ಕಟ್ಟಿದೆ ಎಂಬುದೆಲ್ಲ ಗೊತ್ತಿರುತ್ತದೆ. ಯಾವ ನಕ್ಷೆಯಲ್ಲೂ ಇಷ್ಟು ವಿವರ ಸಿಗುವುದಿಲ್ಲ.

3. ಒಬ್ಬೊಬ್ಬರಿಗೂ ಕನಿಷ್ಠ ಒಂದು ಲೀಟರ್ ನೀರು. ಜೊತೆಗೆ ಉಪ್ಪು ಹಾಕಿದ ನೀರುಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು. ಯಾರಿಗಾದರೂ ಸುಸ್ತಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವೇ ಕುಡಿಸಿ. ಉಪ್ಪು ಹೆಚ್ಚಾಗಬಾರದು.

4. ಬುತ್ತಿ ಸರಳವಾಗಿರಲಿ: ರೊಟ್ಟಿ–ಶೇಂಗಾ ಚಟ್ನಿಪುಡಿ, ಚಿತ್ರಾನ್ನ ಅಥವಾ ಒಗ್ಗರಣೆ ಮಂಡಕ್ಕಿ. ಮೊಸರನ್ನ ಒಯ್ದರೆ ಎಂಟೂವರೆಯೊಳಗೆ ತಿಂದು ಮುಗಿಸಿ.

5. ಚೀಲದಲ್ಲಿ ಇಷ್ಟಿರಲಿ: ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು, ಸಣ್ಣ ಟಾರ್ಚು, ಅಂಗೈಯಗಲದ ಕನ್ನಡಿ, ಎರಡು ಖಾಲಿ ಬಾಟಲಿ. ಕನ್ನಡಿ, ಬಾಟಲಿ ಯಾಕೆಂದು ಮುಂದೆ ಹೇಳುತ್ತೇನೆ.

6. ತಲೆಗೆ ಟವೆಲ್, ಕಾಲಿಗೆ ಮುಚ್ಚಿದ ಶೂ. ಜಾಲಿಮುಳ್ಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ದಾಟುತ್ತದೆ.

ಕೆರೆ ಏರಿ: ಮೊದಲ ಬೆಳಗ್ಗೆ ಇಲ್ಲಿಂದಲೇ

ಎಲ್ಲಿಂದ ಶುರುಮಾಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಯಾವಾಗಲೂ ಊರ ಕೆರೆಯೇ. ಖರ್ಚಿಲ್ಲ, ಬಸ್ಸು ಬೇಡ. ಮತ್ತೆ ಬೇಸಿಗೆಯಷ್ಟು ಒಳ್ಳೆಯ ಕಾಲ ಕೆರೆ ನೋಡಲು ಬೇರೆ ಇಲ್ಲ. ನೀರಿದ್ದರೆ ಸುತ್ತಲಿನ ಹಕ್ಕಿಗಳೆಲ್ಲ ಅಲ್ಲಿರುತ್ತವೆ. ನೀರಿಲ್ಲದಿದ್ದರೆ ಮಳೆಗಾಲವಿಡೀ ಮುಚ್ಚಿದ್ದ ಅಂಗಳ ಕಾಣುತ್ತದೆ.

ನೀರು ಸಾಲದ ಸೀಮೆಯಲ್ಲಿ ಕೆರೆ ಕಟ್ಟುವುದು ದೊರೆಗಳಿಗೂ ಶಾಸನ ಹಾಕಿಸುವಷ್ಟು ದೊಡ್ಡ ಕೆಲಸವಾಗಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಹೇಳುವುದೂ ಒಂದು ತಟಾಕದ ವಿಷಯವನ್ನೇ. ಮಕ್ಕಳಿಗೆ ಇಷ್ಟು ಹೇಳಿ ಏರಿ ಹತ್ತಿಸಿ. ಆಮೇಲೆ ಹೀಗೆ ನೋಡುತ್ತ ಹೋಗಿ:

1. ಏರಿಯ ಎರಡೂ ಬದಿ ಹೋಲಿಸಿ. ಒಳಮೈಗೆ ಕಲ್ಲು ಕಟ್ಟಿರುತ್ತಾರೆ, ಹೊರಮೈ ಬರೀ ಮಣ್ಣು. ಗಾಳಿಗೆ ಎದ್ದ ಅಲೆ ಮಣ್ಣನ್ನು ಕೊರೆಯದಿರಲೆಂದು ಈ ಏರ್ಪಾಟು. ಏರಿ ನೇರವಾಗಿದೆಯೋ ಬಾಗಿದೆಯೋ, ನಡೆದೇ ಹೇಳಲಿ.

2. ತೂಬು ಹುಡುಕಿ. ಹಳೆಯ ತೂಬಾದರೆ ಎರಡು ಕಲ್ಲುಕಂಬ, ನಡುವೆ ಅಡ್ಡಚಪ್ಪಡಿ, ಚಪ್ಪಡಿಯಲ್ಲಿ ತೂತು ಇರುತ್ತವೆ. ತೂತಿನ ಮೂಲಕ ಇಳಿಬಿಟ್ಟ ಗಳುವನ್ನು ಎತ್ತಿದರೆ ಕೆಳಗಿನ ಕಂಡಿ ತೆರೆದು, ನೀರು ಏರಿಯ ಅಡಿಯಿಂದ ಅಚ್ಚುಕಟ್ಟಿಗೆ ಹೋಗುತ್ತದೆ. ಕಂಬಗಳು ಕೆರೆಯೊಳಗೆ ಏಕೆ ನಿಂತಿವೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೊನೆಯ ಹನಿಯೂ ಗದ್ದೆಗೆ ಸಿಗಬೇಕಾದರೆ ಕಂಡಿ ತಳದಲ್ಲಿರಬೇಕು, ಅದನ್ನು ತೆರೆಯುವ ಕೈ ನೀರಿಗಿಂತ ಮೇಲಿರಬೇಕು.

3. ಕೋಡಿ ಎಲ್ಲಿದೆ? ಅದರ ಮಟ್ಟ ಏರಿಗಿಂತ ಎಷ್ಟು ತಗ್ಗು? ಟೇಪು ಹಿಡಿದು ಅಂದಾಜು ಮಾಡಿ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಏರಿ ಒಡೆಯುತ್ತದೆ. ಹೆಚ್ಚಾದ ನೀರಿಗೆ ಕಲ್ಲಿನ ದಾರಿ ಬಿಟ್ಟಿರುವುದು ಅದಕ್ಕೇ. ಕೋಡಿಯ ಎತ್ತರವೇ ಕೆರೆ ಎಷ್ಟು ತುಂಬಬೇಕೆಂಬುದನ್ನು ತೀರ್ಮಾನಿಸುತ್ತದೆ.

4. ಅಂಗಳ ಪೂರ್ತಿ ಒಣಗಿ ಗಟ್ಟಿಯಾಗಿದ್ದರೆ ಮಾತ್ರ ಇಳಿಯಿರಿ. ಬಿರುಕು ಬಿಟ್ಟ ಮಣ್ಣಿನ ಒಂದು ಹೆಂಟೆಯನ್ನು ಎತ್ತಿ ಅದರ ಅಂಚು ನೋಡಿ. ತಳದಲ್ಲಿ ದಪ್ಪ ಕಣ, ಮೇಲೆ ನುಣುಪು, ಮತ್ತೆ ದಪ್ಪ ಕಣ, ಮತ್ತೆ ನುಣುಪು ಹೀಗೆ ಪದರಗಳು ಕಾಣಬಹುದು. ಹಳ್ಳದಲ್ಲಿ ನೀರು ನುಗ್ಗಿ ಬಂದಾಗಲೆಲ್ಲ ಒಂದೊಂದು ಪದರ ಕೂತಿರುತ್ತದೆ.

5. ಈಗ ಎರಡೂ ಖಾಲಿ ಬಾಟಲಿ ತೆಗೆಯಿರಿ. ಹಳ್ಳ ಬಂದು ಕೆರೆ ಸೇರುವ ಕಡೆಯಿಂದ ಒಂದು ಹಿಡಿ ಮಣ್ಣು, ಏರಿಯ ಬುಡದಿಂದ ಒಂದು ಹಿಡಿ. ಮನೆಗೆ ತಂದು ಒಂದೊಂದನ್ನೂ ನೀರಿನಲ್ಲಿ ಕುಲುಕಿ ಇಡಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಜೇಡಿ ಗಂಟೆಗಟ್ಟಲೆ ತೇಲುತ್ತದೆ. ಕೆರೆಯಲ್ಲಿ ಆಗುವುದೂ ಇದೇ. ಹರಿವು ನಿಧಾನವಾದ ಕೂಡಲೇ ಮರಳು ಬಾಯಲ್ಲೇ ಇಳಿಯುತ್ತದೆ, ನುಣ್ಣನೆ ಗೋಡು ಏರಿಯವರೆಗೂ ಹೋಗಿ ಕೂರುತ್ತದೆ. ಬೇಸಿಗೆಯಲ್ಲಿ ರೈತರು ಹೊಲಕ್ಕೆ ಗೋಡು ಹೊಡೆಯುವಾಗ ಇಂಥ ಕಡೆಯದೇ ಬೇಕೆಂದು ಯಾಕೆ ಕೇಳುತ್ತಾರೆ ಎಂಬುದು ಎರಡು ಬಾಟಲಿಯಲ್ಲಿ ಅರ್ಥವಾಗುತ್ತದೆ.

ನೀರಿರುವ ಕೆರೆಯಾದರೆ ಏರಿಯ ಮೇಲೆ ಕೂತು ಹಕ್ಕಿಗಳ ಊಟದ ಕ್ರಮ ನೋಡಿ. ನೀರುಕಾಗೆ ಮುಳುಗುತ್ತದೆ, ಮಿಂಚುಳ್ಳಿ ಮೇಲಿಂದ ಎರಗುತ್ತದೆ, ಬೆಳ್ಳಕ್ಕಿ ಅಂಚಿನಲ್ಲಿ ನಿಂತು ಕಾಯುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಯಾವುದು ಎಷ್ಟು ಆಳದಲ್ಲಿ ಬೇಟೆಯಾಡುತ್ತದೆ ಎಂದು ಬರೆದುಕೊಳ್ಳಲಿ. ಒಂದು ಮಾತು ನೆನಪಿರಲಿ: ಟಿಟ್ಟಿಭ ಬೇಸಿಗೆಯಲ್ಲಿ ಬಯಲು ನೆಲದ ಮೇಲೇ ಮೊಟ್ಟೆಯಿಡುತ್ತದೆ. ಮೊಟ್ಟೆಗೆ ಮಣ್ಣುಕಲ್ಲಿನದೇ ಬಣ್ಣ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಮುಂದೆ ಹೆಜ್ಜೆ ಇಡಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ.

ಕಲ್ಲುಗಳನ್ನು ಓದುವುದು

ಹೊಸದುರ್ಗ ತಾಲ್ಲೂಕಿನಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳಿಗೆ ಬರವಿಲ್ಲ. ದೇವಸ್ಥಾನದ ಪೌಳಿ, ಊರಬಾಗಿಲು, ಹೊಲದ ಬದು, ಎಲ್ಲೆಲ್ಲೂ ಇರಬಹುದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ದನಗಳಿದ್ದರೆ ತುರುಗಳನ್ನು ಬಿಡಿಸಲು ಹೋರಾಡಿದ ಕಥೆಯೆಂದು ತಿಳಿಯಿರಿ. ನಡುವಿನಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುತ್ತಾನೆ, ಸಾಮಾನ್ಯವಾಗಿ ಶಿವಲಿಂಗದ ಮುಂದೆ. ತುದಿಯ ಸೂರ್ಯ–ಚಂದ್ರ, ಅವರಿಬ್ಬರು ಇರುವವರೆಗೂ ಈ ಹೆಸರು ಇರಲಿ ಎಂಬ ಆಶಯ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳೊಂದು ಮೊಣಕೈ ಮಡಿಸಿ ಎತ್ತಿ ನಿಂತಿರುತ್ತದೆ. ಅದು ಸಹಗಮನದ ಗುರುತು. ಮಕ್ಕಳು ಕೇಳಿದರೆ ಮುಚ್ಚಿಡದೆ ಹೇಳಿ. ಆ ಹೆಣ್ಣಿಗೆ ಏನಾಯಿತೆಂಬುದು ಅವರಿಗೂ ತಿಳಿಯಬೇಕು.

ಸವೆದ ಕಲ್ಲನ್ನು ಓದುವ ಕ್ರಮ:

1. ಒಣಬಟ್ಟೆಯಿಂದ ದೂಳು ಒರೆಸಿ. ಪಾಚಿ ಇದ್ದರೆ ಕೆರೆಯಬೇಡಿ.

2. ಬೆಳಕು ಕಲ್ಲಿನ ಮೈಗೆ ಪಕ್ಕದಿಂದ, ಸವರಿಕೊಂಡು ಹೋಗುವಂತೆ ಬೀಳಬೇಕು. ಕಲ್ಲು ನೆರಳಿನಲ್ಲಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ತಿರುಗಿಸಿ. ಗರ್ಭಗುಡಿಯ ಮುಂದಿನ ಕತ್ತಲಲ್ಲಾದರೆ ಟಾರ್ಚು. ಮೊಬೈಲಿನ ಫ್ಲ್ಯಾಶ್ ನೇರವಾಗಿ ಹೊಡೆಯುವುದರಿಂದ ನೆರಳು ಸತ್ತುಹೋಗಿ ಅಕ್ಷರ ಅಳಿಸಿದಂತೆ ಕಾಣುತ್ತದೆ.

3. ಒಂದೇ ಕಲ್ಲಿಗೆ ಎಡದಿಂದ, ಬಲದಿಂದ, ಮೇಲಿಂದ ಬೆಳಕು ಬಿಟ್ಟು ಬೇರೆಬೇರೆ ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ.

4. ಎತ್ತರ, ಅಗಲ, ಮುಖ ಯಾವ ದಿಕ್ಕಿಗೆ, ಯಾರ ಹೊಲದ ಹತ್ತಿರ ಎಂದು ಬರೆದುಕೊಳ್ಳಿ.

ಅಕ್ಷರಗಳಿದ್ದರೆ ಮನೆಗೆ ಬಂದ ಮೇಲೆ ಇನ್ನೊಂದು ಕೆಲಸವಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ಪೂರ್ತಿ ಚಿತ್ರದುರ್ಗ ಜಿಲ್ಲೆಯದೇ. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಸಿಕ್ಕ ಊರು, ಜಾಗದ ಸಮೇತ ಅದರಲ್ಲಿ ಮುದ್ರಿಸಿದ್ದಾರೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಹೊಸದುರ್ಗ ತಾಲ್ಲೂಕಿನ ಭಾಗ ತೆಗೆದು ನಿಮ್ಮ ಊರಿನ ಹೆಸರು ಹುಡುಕಿ. ತಾವು ಮುಟ್ಟಿ ಬಂದ ಕಲ್ಲು ನೂರು ವರ್ಷ ಹಳೆಯ ಪುಸ್ತಕದಲ್ಲಿ ಸಿಕ್ಕಿದಾಗ ಮಕ್ಕಳ ಮುಖ ನೋಡಬೇಕು. ಸಿಗದಿದ್ದರೆ ಇನ್ನೂ ಕುತೂಹಲ. ಯಾರೂ ಗಮನಿಸದ ಕಲ್ಲು ಅದಾಗಿರಲೂಬಹುದು.

ಚನ್ನಕೇಶವನ ನಾಲ್ಕು ಕೈ

ಬಾಗೂರಿನವರಿಗೆ ಚನ್ನಕೇಶವಸ್ವಾಮಿ ದೇವಸ್ಥಾನ ದಿನನಿತ್ಯದ್ದು. ಮುಂದಿನ ಸಲ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟು ಕಳಿಸಿ: ದೇವರ ಯಾವ ಕೈಯಲ್ಲಿ ಏನಿದೆ?

ವಿಷ್ಣುವಿನ ನಾಲ್ಕು ಕೈಗೆ ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದು ಎಂಬುದರ ಮೇಲೆ ಮೂರ್ತಿಯ ಹೆಸರು ನಿಲ್ಲುತ್ತದೆ. ದೇವರ ಬಲಗೈಗಳಲ್ಲಿ ಕೆಳಗೆ ಪದ್ಮ, ಮೇಲೆ ಶಂಖ, ಎಡಗೈಗಳಲ್ಲಿ ಮೇಲೆ ಚಕ್ರ, ಕೆಳಗೆ ಗದೆ ಇದ್ದರೆ ಕೇಶವ. ಕ್ರಮ ಬದಲಾದರೆ ನಾರಾಯಣ, ಮಾಧವ, ಗೋವಿಂದ ಹೀಗೆ ಬೇರೆ ಹೆಸರು. ಮನೆಗೆ ಬಂದು ನಾಲ್ಕು ಬೇರೆಬೇರೆ ಕಾಳುಗಳನ್ನು ನಾಲ್ಕು ಮನೆಗಳಲ್ಲಿ ಎಷ್ಟು ರೀತಿ ಇಡಬಹುದು ಎಂದು ಲೆಕ್ಕ ಹಾಕಿಸಿ. ನಾಲ್ಕು, ಮೂರು, ಎರಡು, ಒಂದು ಗುಣಿಸಿದರೆ 24. ಆಚಮನದಲ್ಲಿ ಕೇಶವನಿಂದ ಶುರುವಾಗುವ ಹೆಸರುಗಳೂ 24. ಪ್ರೌಢಶಾಲೆಯ ಗಣಿತ ದೇವಸ್ಥಾನದೊಳಗೆ ಸಿಗುವುದು ಹೀಗೆ. ಅಲಂಕಾರದಲ್ಲಿ ಕೈ ಮುಚ್ಚಿದ್ದರೆ ಅರ್ಚಕರನ್ನು ಕೇಳಿ. ಫೋಟೋ ತೆಗೆಯಲು ಅವರ ಅನುಮತಿ ಬೇಕು.

ನೆರಳಿಲ್ಲದ ಮಧ್ಯಾಹ್ನ, ಧ್ರುವನ ಎತ್ತರ

ಇದಕ್ಕೆ ಮನೆಯಂಗಳ ಸಾಕು. ಬಾಗೂರು–ಹೊಸದುರ್ಗದ ಅಕ್ಷಾಂಶ ಸುಮಾರು 13.8 ಡಿಗ್ರಿ. ಉತ್ತರಕ್ಕೆ ಸರಿಯುತ್ತಿರುವ ಸೂರ್ಯ ಏಪ್ರಿಲ್ 26–27ರ ಸುಮಾರಿಗೆ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ. ಗಡಿಯಾರದಲ್ಲಿ ಆಗ ಮಧ್ಯಾಹ್ನ ಸುಮಾರು 12 ಗಂಟೆ 22 ನಿಮಿಷ. ಭಾರತದ ಸಮಯವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿರುವುದರಿಂದ, ಅದಕ್ಕಿಂತ ಪಶ್ಚಿಮದಲ್ಲಿರುವ ನಮಗೆ ನಡುಹಗಲು ತಡವಾಗಿ ಬರುತ್ತದೆ.

1. ಸಮತಟ್ಟಾದ ಜಾಗದಲ್ಲಿ ಒಂದು ಲೋಟ ಅಥವಾ ಪೈಪಿನ ತುಂಡು ನೇರವಾಗಿ ನಿಲ್ಲಿಸಿ. ಸಮತಟ್ಟೋ ಅಲ್ಲವೋ ನೋಡಲು ತಟ್ಟೆಯಲ್ಲಿ ನೀರಿಟ್ಟು ಪರೀಕ್ಷಿಸಿ.

2. ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಮತ್ತೆ ನೆರಳಿಗೆ ಬನ್ನಿ. ಬಿಸಿಲಲ್ಲಿ ಕೂರಬೇಡಿ.

3. 12.22ರ ಹೊತ್ತಿಗೆ ಲೋಟದ ಹೊರಗೆ ನೆರಳೇ ಇರುವುದಿಲ್ಲ.

ಒಂದು ದಿನ ತಪ್ಪಿದರೂ ನಷ್ಟವಿಲ್ಲ. ಒಂದು ಮೀಟರ್ ಕೋಲಿನ ನಡುಹಗಲ ನೆರಳು ಆ ದಿನಗಳಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್‌ನಷ್ಟು ಮಾತ್ರ ಬದಲಾಗುತ್ತದೆ. ಗೋಡೆಯ ಪಂಚಾಂಗವನ್ನೂ ತೆಗೆದು ನೋಡಿ: ಭರಣಿ ಮಳೆ ಹುಟ್ಟುವುದು ಹೆಚ್ಚುಕಡಿಮೆ ಅದೇ ದಿನ. ನಮ್ಮ ಸೀಮೆಯಲ್ಲಿ ಸೂರ್ಯ ನೆತ್ತಿಗೆ ಬರುವುದೂ ಭರಣಿ ನಕ್ಷತ್ರ ಪ್ರವೇಶಿಸುವುದೂ ಒಟ್ಟಿಗೇ ಬೀಳುತ್ತವೆ.

ಅಮಾವಾಸ್ಯೆಯ ಆಚೀಚಿನ ಯಾವುದಾದರೂ ರಾತ್ರಿ, ಊಟವಾದ ಮೇಲೆ ಮಹಡಿ ಹತ್ತಿ. ಏಪ್ರಿಲ್–ಮೇ ತಿಂಗಳ ಎಂಟೂವರೆಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಮಂಕಾಗಿ ಇರುವುದು ಮದುವೆಯಲ್ಲಿ ತೋರಿಸುವ ಅರುಂಧತಿ. ಬಾಲದ ಬಾಗನ್ನು ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತಾ. ಮೇ ತಿಂಗಳಲ್ಲಿ ಒಂಬತ್ತರ ನಂತರ ಆಗ್ನೇಯದಲ್ಲಿ ವೃಶ್ಚಿಕ ಏಳುತ್ತದೆ. ಇನ್ನು ಧ್ರುವ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಉತ್ತರದ ದಿಗಂತದಿಂದ ಧ್ರುವ ನಕ್ಷತ್ರ ಒಂದೂವರೆ ಮುಷ್ಟಿಗೂ ಕಡಿಮೆ ಎತ್ತರದಲ್ಲಿರುತ್ತದೆ, ಅಂದರೆ ಅದೇ 13.8 ಡಿಗ್ರಿ. ಹಗಲಿನ ನೆರಳೂ ರಾತ್ರಿಯ ಧ್ರುವನೂ ನಿಮ್ಮೂರಿನ ಒಂದೇ ಸಂಖ್ಯೆ ಹೇಳುತ್ತವೆ.

ಸ್ವಲ್ಪ ದೂರ ಹೋಗುವುದಾದರೆ

ಹೊಸದುರ್ಗ ಬಸ್ ನಿಲ್ದಾಣದಲ್ಲಿ ಹಿಂತಿರುಗುವ ಬಸ್ಸಿನ ಸಮಯ ಕೇಳಿಕೊಂಡೇ ಹೊರಡಿ. ಮೊದಲ ಬಸ್ಸಿಗಿಂತ ಕೊನೆಯ ಬಸ್ಸು ಮುಖ್ಯ. ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಆಧಾರ್ ಕಾರ್ಡ್ ಮರೆಯಬೇಡಿ.

ಕೆಲ್ಲೋಡಿನ ಬಳಿ ವೇದಾವತಿ ನೋಡಿ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟುವ ವೇದಾ, ಅವತಿ ಎರಡು ಹೊಳೆಗಳು ಕಡೂರು ಕಡೆ ಕೂಡಿ ಇಲ್ಲಿಗೆ ಬರುತ್ತವೆ. ಹರಿವು ನಿಂತಿದ್ದರೆ ಮರಳಿನಲ್ಲಿ ಮೊಣಕೈ ಆಳದ ಗುಳಿ ತೋಡಿ ಕಾಯಿರಿ. ಒರತೆ ಜಿನುಗಿ ತಿಳಿನೀರು ನಿಲ್ಲುವುದು ಕಾಣಬಹುದು. ನೋಡಲು ಮಾತ್ರ, ಕುಡಿಯಲು ಅಲ್ಲ.

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸವನ್ನು ವಿವರವಾಗಿ ಬರೆದಿದ್ದಾನೆ. ಅಲ್ಲಿಯ ಹಿರಿಯರನ್ನು ಕೇಳಬೇಕಾದ ಪ್ರಶ್ನೆ: ಕುಲುಮೆ ಯಾವ ಕಡೆ ಇತ್ತು? ನೀರಗುಂದ ಗಂಗರ ಕಾಲದಲ್ಲಿ ನೀರಗುಂದ–300 ಎಂಬ ನಾಡಿನ ಮುಖ್ಯ ಊರು. ಹೆಗ್ಗೆರೆಯಲ್ಲಿ ಹನ್ನೆರಡನೇ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಗವಿರಂಗಾಪುರದಲ್ಲಿ ವಿಷ್ಣುವಿಗೆ ಕೂರ್ಮಾವತಾರದ ರೂಪದಲ್ಲಿ ಪೂಜೆ, ಅದು ಅಪರೂಪ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕವಿಲ್ಲದ ದಿನವೂ ಒಂದು ಆಟ ಆಡಬಹುದು: ಒಬ್ಬರು ರಂಗದ ಮೇಲೆ ಮೆಲ್ಲಗೆ ಮಾತಾಡಲಿ, ಉಳಿದವರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತ ಎಲ್ಲಿಯವರೆಗೆ ಕೇಳಿಸುತ್ತದೆ ನೋಡಲಿ. ಮಠದವರನ್ನು ಕೇಳಿ ಒಳಗೆ ಹೋಗಿ.

ಪೂರ್ತಿ ದಿನ ಕೊಡುವುದಾದರೆ ಮಾರಿಕಣಿವೆ. ಅಲ್ಲಿನ ವಾಣಿವಿಲಾಸ ಸಾಗರವನ್ನು 1898ರಿಂದ 1907ರವರೆಗೆ ಕಟ್ಟಿದರು. ಇಲ್ಲಿನ ಪ್ರಶ್ನೆ: ಅಣೆಕಟ್ಟೆ ಇಲ್ಲೇ ಏಕೆ? ಕಟ್ಟೆಯ ಬಳಿ ನಿಂತು ಎರಡೂ ಕಡೆಯ ಗುಡ್ಡ ನೋಡಿದರೆ ಸಾಕು. ಉದ್ದದ ಗುಡ್ಡಸಾಲನ್ನು ವೇದಾವತಿ ಕಡಿದುಕೊಂಡು ಹೋದ ಇಕ್ಕಟ್ಟಿನ ಕಣಿವೆ ಇದು. ಚಿಕ್ಕ ಗೋಡೆ ಹಾಕಿದರೆ ದೊಡ್ಡ ಜಲಾಶಯ. ಆದರೂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಬರದ ನಾಡಿನ ನೀರಿನ ಲೆಕ್ಕ ಮಕ್ಕಳಿಗೆ ತಿಳಿಯಲು ಈ ಒಂದು ಅಂಕಿ ಸಾಕು. 2025ರ ಜನವರಿಯಲ್ಲೂ ಕೋಡಿ ಹರಿಯಿತು. ಭದ್ರಾ ಮೇಲ್ದಂಡೆಯ ನೀರು ಬರಲು ಶುರುವಾದ ಮೇಲಿನ ಮಾತು ಇವೆರಡೂ.

ಚಿತ್ರದುರ್ಗದ ದಾರಿಯಲ್ಲಿ ಐಮಂಗಲದ ಕಡೆ ಮರಡಿಹಳ್ಳಿಯ ದಿಂಬು ಲಾವಾ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಿಸಿ ಲಾವಾ ನೀರಿನೊಳಗೆ ಉಕ್ಕಿದರೆ ಹೊರಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗಿನದು ಒತ್ತಿ ಇನ್ನೊಂದು ಉಬ್ಬಾಗಿ ಹೊರಬರುತ್ತದೆ. ಹಾಗೆ ದಿಂಬಿನ ಮೇಲೆ ದಿಂಬು. ಸುಮಾರು 250 ಕೋಟಿ ವರ್ಷದ ಹಿಂದೆ ಈ ಒಣನೆಲ ನೀರಿನಡಿ ಇತ್ತು ಎಂಬುದಕ್ಕೆ ಬಂಡೆಯೇ ಸಾಕ್ಷಿ. ಚೂರೂ ಒಡೆಯಬಾರದು.

ಎಚ್ಚರಿಕೆ

ಕೃಷಿ ಹೊಂಡದ ಹತ್ತಿರ ಮಕ್ಕಳನ್ನು ಖಂಡಿತ ಬಿಡಬೇಡಿ. ಈಗ ಹೊಲ ಹೊಲದಲ್ಲೂ ಇರುವ ಈ ಹೊಂಡಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಈಜು ಬಂದವರೂ ದಡ ಹತ್ತಲಾರರು. ಯಾರಾದರೂ ಬಿದ್ದರೆ ನೀವು ಧುಮುಕಬೇಡಿ. ಹಗ್ಗ, ಸೀರೆ, ಉದ್ದದ ಗಳು ಏನಾದರೂ ಚಾಚಿ. ಮರಳು ತೆಗೆದ ಹೊಳೆಗುಂಡಿಗಳೂ ಅಷ್ಟೇ ಅಪಾಯ. ಮೇಲೆ ಮಳೆಯಾದರೆ ಅಥವಾ ನೀರು ಬಿಟ್ಟರೆ ಗುಂಡಿ ಎಲ್ಲಿದೆ ಎಂದೇ ಕಾಣುವುದಿಲ್ಲ.

ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಬೇಗ ಹೊರಡಿ ಎಂದೆನಲ್ಲ, ಅದು ಊರಿನ ಜಾಗಗಳಿಗೆ. ಗುಡ್ಡಕ್ಕಾದರೆ ಬೆಳಕು ಚೆನ್ನಾಗಿ ಹರಿದ ಮೇಲೆ, ಗುಂಪಾಗಿ, ಮಾತಾಡುತ್ತ ಹೋಗಿ. ಕಾಯ್ದಿಟ್ಟ ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೆಜ್ಜೇನು ಕಟ್ಟಿದ ಬಂಡೆ, ಗೋಪುರದ ಕೆಳಗೆ ಹೊಗೆ, ಪಟಾಕಿ, ಕಲ್ಲೆಸೆತ ಬೇಡ. ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು, ಗುಡ್ಡವೆಲ್ಲ ಉರಿಯುತ್ತದೆ. ಕಲ್ಲು ಎತ್ತುವ ಮುನ್ನ ಕೋಲಿನಿಂದ ತಟ್ಟಿ. ಗುರುತಿಲ್ಲದ ಕಾಡುಹಣ್ಣು ಬಾಯಿಗೆ ಹಾಕಿಕೊಳ್ಳಬೇಡಿ. ಕವಳೆಹಣ್ಣೇ ಆದರೂ ಬಲ್ಲವರು ತೋರಿಸಿದ ಮೇಲೆಯೇ.

ಮಗುವಿನ ಮಾತು ತೊದಲಿದರೆ, ಮೈ ಕಾದು ಗೊಂದಲಕ್ಕೊಳಗಾದಂತೆ ಕಂಡರೆ ಅದು ಬರೀ ಸುಸ್ತಲ್ಲ. ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ದಿನ ನಾಲ್ಕು ಜಾಗ. ಗವಿರಂಗಾಪುರ, ಸಾಣೇಹಳ್ಳಿ, ಮಾರಿಕಣಿವೆ, ಚಿತ್ರದುರ್ಗದ ಕೋಟೆ ಎಲ್ಲವನ್ನೂ ಒಂದೇ ಕಾರಿನಲ್ಲಿ ಮುಗಿಸಿದವರಿಗೆ ನೆನಪಿರುವುದು ಕಾರು ಮಾತ್ರ.

ಉತ್ತರವನ್ನು ದೊಡ್ಡವರೇ ಹೇಳಿಬಿಡುವುದು. ತೂಬಿನ ಕಂಬದ ಕಾರಣ ನಿಮಗೆ ಗೊತ್ತಿರಬಹುದು, ಆದರೂ ತಡೆಯಿರಿ. ಮಕ್ಕಳು ಮೊದಲು ತಪ್ಪು ಊಹೆ ಮಾಡಲಿ, ಕಂಬದ ಸುತ್ತ ಓಡಾಡಲಿ.

ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಸವರಿ ಓದುವುದು. ಆ ಕ್ಷಣಕ್ಕೆ ಅಕ್ಷರ ಕಂಡರೂ ಕಲ್ಲಿನ ರಂಧ್ರದಲ್ಲಿ ಉಳಿದದ್ದು ಮುಂದೆ ಕಲ್ಲನ್ನೇ ಕೆಡಿಸುತ್ತದೆ. ಕನ್ನಡಿ ಇದ್ದರೆ ಇದಾವುದೂ ಬೇಡ.

ಮೊಬೈಲನ್ನು ಪೂರ್ತಿ ನಿಷೇಧಿಸುವುದು. ಅದರ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಫೋಟೋ, ದಿಕ್ಸೂಚಿ, ಹಕ್ಕಿಯ ದನಿ ರೆಕಾರ್ಡ್ ಮಾಡಲು ಅದೇ ಸಾಧನ. ಆದರೆ ಒಂದು ಗುಂಪಿಗೆ ಒಂದೇ ಇರಲಿ, ಸರದಿಯ ಮೇಲೆ ಕೈ ಬದಲಾಗಲಿ.

ಸಿಕ್ಕಿದ್ದನ್ನು ಏನು ಮಾಡಬೇಕು?

ನೋಟ್‌ಬುಕ್ಕಿನಲ್ಲಿ ದಿನಾಂಕ, ಜಾಗ, ಪ್ರಶ್ನೆ, ಕಂಡದ್ದು ಇಷ್ಟು ಬರೆಯಿರಿ. ಒಂದು ಚಿತ್ರ ಬಿಡಿಸಿ. ಕೆರೆಯ ನೀರಿನ ಮಟ್ಟವನ್ನು ತೂಬಿನ ಕಂಬಕ್ಕೆ ಅಳೆದು ಬರೆದಿಟ್ಟರೆ ಮುಂದಿನ ಬೇಸಿಗೆಗೆ ಹೋಲಿಸಲು ಬರುತ್ತದೆ.

ಪುಸ್ತಕದಲ್ಲಿ ಇಲ್ಲದ ಶಾಸನ, ಹಳೆಯ ನಾಣ್ಯ, ಮೂರ್ತಿ ಕಂಡರೆ ಕೀಳಬೇಡಿ, ಮನೆಗೆ ತರಬೇಡಿ. ಅದು ಸಿಕ್ಕ ಜಾಗ ಗೊತ್ತಿಲ್ಲದಿದ್ದರೆ ಅರ್ಧ ವಿಷಯ ಕಳೆದುಹೋಗುತ್ತದೆ. ಪಕ್ಕದಲ್ಲಿ ಅಳತೆಗೆ ಪೆನ್ನಿಟ್ಟು ಫೋಟೋ ತೆಗೆದು ಗ್ರಾಮ ಪಂಚಾಯಿತಿಗೆ ಅಥವಾ ತಹಶೀಲ್ದಾರ್ ಕಚೇರಿಗೆ ತಿಳಿಸಿ. ಚಿತ್ರದುರ್ಗದಲ್ಲಿ ರಂಗಯ್ಯನ ಬಾಗಿಲ ಬಳಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಲ್ಲಿಗೂ ಫೋಟೋ ಒಯ್ದು ತೋರಿಸಬಹುದು. ಹೋಗುವಾಗ ಕಂಡುಹಿಡಿದ ಮಗುವನ್ನೂ ಕರೆದುಕೊಂಡು ಹೋಗಿ, ವಿಷಯ ಆ ಮಗುವೇ ಹೇಳಲಿ.